ದೀಪದ ಹೊತ್ತಿಗೆ ಆಡಬಾರದ ಮಾತುಗಳು

ಕಾರ ಹುಣ್ಣಿಮೆಯ ಮರುದಿನ, ಸಂಜೆ ಏಳು ಗಂಟೆಗೆ ಅದು ಶುರುವಾಯಿತು. ಮುಂಗಾರಿನ ಮೊದಲ ಮಳೆ ಬಿದ್ದು ಮೂರು ದಿನವಾಗಿತ್ತು. ಕೆಂಗಲ್ಲಹಟ್ಟಿಯ ಎರೆಮಣ್ಣು ಇನ್ನೂ ಚಪ್ಪಲಿಗೆ ಅಂಟುತ್ತಿತ್ತು. ಗಣಿಯ ಸೈರನ್ನು ಕೂಗಿದ್ದೇ ತಡ, ಊರಿನ ಸಾವಿರ ಚಿಲ್ಲರೆ ಮನೆಗಳಲ್ಲಿ ಒಂದೇ ಸಲಕ್ಕೆ ಸಾವಿರ ಚಿಲ್ಲರೆ ಹಲಗೆಗಳು ಬೆಳಗಿದವು. ಬಳಪದ ಹಲಗೆಯಲ್ಲ. ಅಂಗೈಯಗಲದ ಗಾಜಿನ ಹಲಗೆ, ಮಾತು ಕಲಿಸುವಂಥದು.

ಕೆಂಗಲ್ಲಹಟ್ಟಿಯ ಗಣಿಯಲ್ಲಿ ಬಂಗಾರ ಮುಗಿದು ಹದಿನೆಂಟು ವರ್ಷವಾಗಿತ್ತು. ಈಗ ಅದರ ತಳದಿಂದ ಶಾಖ ತೆಗೆಯುತ್ತಿದ್ದರು. ಮೂರು ಕಿಲೋಮೀಟರು ಕೆಳಗೆ ಬಂಡೆ ಕಾದ ಹಂಚಿನ ಹಾಗೆ ಇರುತ್ತದೆ. ಅದರ ಮೇಲೆ ನೀರು ಹಾಯಿಸಿ, ಹಬೆ ಎಬ್ಬಿಸಿ, ಮೂರು ಜಿಲ್ಲೆಗೆ ಕರೆಂಟು ಕೊಡುತ್ತಿದ್ದರು. ಸರದಿಗೆ ಐದು ಮಂದಿ ಕೆಳಗೆ ಇರುತ್ತಿದ್ದರು, ನಾಲ್ಕು ದೇಶದವರು. ಮೇಲಿನವರ ಜೊತೆ ಮಾತಾಡಲು ಕೇಬಲ್ಲು ಇತ್ತು. ಕೇಬಲ್ಲು ಹರಿದರೆ? ಅದಕ್ಕೆಂದೇ ಮೇಲಿನಿಂದ ಕೆಳತನಕ ಒಂದು ಉಕ್ಕಿನ ಸರಳು ಇಳಿಬಿಟ್ಟಿದ್ದರು. ಸರಳಿನ ಎರಡೂ ತುದಿಗೆ ಎಂಟೆಂಟು ಉಕ್ಕಿನ ನಾಲಿಗೆ, ಒಂದಕ್ಕಿಂತ ಒಂದು ಉದ್ದ. ಬೆರಳಿನಿಂದ ಮೀಟಿದರೆ ಪ್ರತಿಯೊಂದೂ ತನ್ನದೇ ನಾದ ಕೊಡುತ್ತಿತ್ತು: ಟೋ, ಮೂ, ಲಾ, ಡೀ, ನೇ, ಗೂ, ರಾ, ಬೋ. ಬೇರೆ ಯಾವ ಸದ್ದೂ ಅಷ್ಟು ದೂರ ಬಂಡೆಯೊಳಗೆ ಉಳಿಯುತ್ತಿರಲಿಲ್ಲ.

ಆ ಎಂಟು ನಾದಗಳಿಂದಲೇ ತಿಳಿದವರು ಕೂತು ಒಂದು ಭಾಷೆ ಕಟ್ಟಿದ್ದರು. ಯಾರ ತಾಯಿನುಡಿಯೂ ಅಲ್ಲ, ಹಾಗಾಗಿ ಯಾರಿಗೂ ಹೆಚ್ಚಲ್ಲ, ಯಾರಿಗೂ ಕಡಿಮೆಯಲ್ಲ. ಒಂಬೈನೂರ ಹನ್ನೆರಡು ಮಾತು. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಊರವರು ಉಕ್ಕುಮಾತು ಅಂದರು.

ದಿನಾ ಬಳಸದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಈ ಹಲಗೆ. ಅದರೊಳಗಿನ ತಂತ್ರಾಂಶಕ್ಕೆ 'ಮರುಪಾಠ' ಎಂದು ಹೆಸರು. ಬೀದರಿನ ತಸ್ನೀಮ್ ಮೇಡಂ ಅದನ್ನು ನೋಡಿಕೊಳ್ಳುತ್ತಿದ್ದರು. ಮೊದಲ ದಿನ ಶಾಲೆಯ ಅಂಗಳದಲ್ಲಿ ಅವರು ತಿಳಿಸಿ ಹೇಳಿದ್ದರು: ಒಂದು ಮಾತನ್ನು ನೀವು ಯಾವಾಗ ಮರೆಯುತ್ತೀರಿ ಎಂದು ಇದು ಲೆಕ್ಕ ಹಾಕುತ್ತದೆ. ಮರೆಯುವ ಮುನ್ನಾ ದಿನ ಆ ಮಾತನ್ನು ಕೇಳುತ್ತದೆ. ಬಂತು ಎಂದರೆ ಮುಂದಿನ ಸಲ ಮೂರು ದಿನ ಬಿಟ್ಟು ಕೇಳುತ್ತದೆ, ಆಮೇಲೆ ವಾರ, ತಿಂಗಳು, ವರ್ಷ. ಬರಲಿಲ್ಲ ಎಂದರೆ ನಾಳೆಯೇ ಮತ್ತೆ ಕೇಳುತ್ತದೆ.

"ರೊಟ್ಟಿ ತಿರುವಿದಂಗ ಅನ್ರಿ," ಎಂದಳು ಹಿಂದೆ ಕೂತಿದ್ದ ಆದೆಮ್ಮ. "ಮೊದ್ಲ ತಿರುವಿದ್ರ ಹಸಿ, ತಡ ಮಾಡಿದ್ರ ಕರಕಲು."

ತಸ್ನೀಮ್ ಮೇಡಂ ನಕ್ಕರು. "ನಾನು ಎರಡು ವರ್ಷ ಓದಿದ್ದನ್ನ ನೀವು ಒಂದು ಮಾತಿನಾಗ ಹೇಳಿಬಿಟ್ಟಿರಿ, ಅಮ್ಮಾ."

ಆದೆಮ್ಮನಿಗೆ ಆಗ ಅರವತ್ತಾರು. ಕಲಿತದ್ದು ಎರಡನೇ ಇಯತ್ತೆ. ಬಂಗಾರದ ಕಾಲದಲ್ಲಿ ಅವಳು ಮೂವತ್ತೊಂದು ವರ್ಷ ಬಿಲ್ಲೆ ಕೋಣೆ ಕಾದವಳು. ಗಣಿಗೆ ಇಳಿಯುವಾಗ ಪ್ರತಿಯೊಬ್ಬನೂ ತನ್ನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಿ ಹೋಗಬೇಕು, ಮೇಲೆ ಬಂದು ತೆಗೆದುಕೊಳ್ಳಬೇಕು. ಮೊಳೆಯ ಮೇಲೆ ಬಿಲ್ಲೆ ಉಳಿಯಿತು ಎಂದರೆ ಆಳು ಕೆಳಗೇ ಉಳಿದ ಎಂದೇ ಅರ್ಥ. ನಾನೂರ ಹದಿನೆಂಟು ಮಂದಿಯ ಮುಖ, ನಂಬರು, ಮನೆ, ಎಲ್ಲ ಅವಳಿಗೆ ಬಾಯಿಪಾಠ. ಬಿಲ್ಲೆ ಉಳಿದ ದಿನ ಆ ಮನೆಗೆ ಹೋಗಿ ಹೇಳುವವಳೂ ಅವಳೇ.

ಎರಡು ವರ್ಷದಲ್ಲಿ ಊರಿನ ತುಂಬ ಉಕ್ಕುಮಾತು ಹಬ್ಬಿತು. ಸಂತೆಯಲ್ಲಿ ಹೆಂಗಸರು ಬದನೆಕಾಯಿಯನ್ನು ಉಕ್ಕುಮಾತಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಲಿಂಗಸುಗೂರಿನಿಂದ ಬಂದ ಕಾಯಿಪಲ್ಲೆಯವನು ಕಣ್ಣು ಕಣ್ಣು ಬಿಡುತ್ತಿದ್ದ. ಹುಡುಗರು ಮಾಸ್ತರನ್ನು ಅದರಲ್ಲೇ ಬೈದು ಅದರಲ್ಲೇ ಪೆಟ್ಟು ತಿನ್ನುತ್ತಿದ್ದರು. ಲೋಕದಲ್ಲಿ ಇಂಥ ಗಣಿ ಏಳು ಇದ್ದವಂತೆ; ಮನೆಮನೆಯೂ ಕಲಿತ ಊರು ಇದೊಂದೇ. ಬೀಗರು ಬಂದರೆ ಊರವರು ಮೀಸೆ ತಿರುವಿ ಹೇಳುವ ಸುದ್ದಿ ಅದಾಗಿತ್ತು.

ಆದರೆ ಸಂಜೆ ಏಳು ಎಂದು ಹೊತ್ತು ಗೊತ್ತು ಮಾಡಿದವರು ಈ ಕಡೆಯವರಲ್ಲ. ಮಲಗುವ ಮುಂಚೆ ಕಲಿತದ್ದು ಮಿದುಳಿನಲ್ಲಿ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಏಳು ಎಂದರೆ ಈ ಸೀಮೆಯಲ್ಲಿ ದೀಪ ಹಚ್ಚುವ ಹೊತ್ತು. ಲಕ್ಷ್ಮಿ ಹೊಸ್ತಿಲು ದಾಟುವ ಹೊತ್ತು. ಆ ಹೊತ್ತಿಗೆ ಬಳೆ ಒಡೆಯಿತು ಅನ್ನುವಂತಿಲ್ಲ, ಬಳೆ ಹೆಚ್ಚಿತು ಅನ್ನಬೇಕು. ದೀಪ ಆರಿತು ಅನ್ನುವಂತಿಲ್ಲ, ದೊಡ್ಡದಾಯಿತು ಅನ್ನಬೇಕು. ಹಾವು ಅನ್ನುವಂತಿಲ್ಲ, ಹುಳ ಅನ್ನಬೇಕು.

ಆದೆಮ್ಮನ ಮಗಳು ಪಂಪಮ್ಮ ಕೇಳುಗಾರ್ತಿ. ಗಣಿಯ ಬಾಯಿಯಲ್ಲಿ ಸರಳಿಗೆ ಕಿವಿಗೊಟ್ಟು ಕೂಡುವ ಆರು ಮಂದಿಯಲ್ಲಿ ಒಬ್ಬಳು. ಅವಳ ಗಂಡ ಮೌನೇಶ ಕೆಳಗಿನ ಐವರಲ್ಲಿ ಒಬ್ಬ. ಒಂದು ಸಂಜೆ ಪಂಪಮ್ಮ ಎಳೆಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ದೀಪದ ಮುಂದೆ ಹಲಗೆ ಹಿಡಿದಿದ್ದಳು. ಪರದೆಯ ಮೇಲೆ 'ಗೂ-ಮೂ' ಬಂತು. ಸತ್ತ ಎಂಬ ಮಾತು. ಕಣ್ಣಿಗೆ ಬಿತ್ತೋ ಇಲ್ಲವೋ, ಅವಳ ಹೆಬ್ಬೆರಳು 'ಗೊತ್ತು' ಗುಂಡಿಯ ಮೇಲೆ ಬಿದ್ದು ಮಾತು ಹೊರಟೇ ಹೋಯಿತು.

"ಓದಲೇ ಇಲ್ಲಲ್ಲ ಪಂಪಿ?" ಎಂದಳು ಆದೆಮ್ಮ.

"ಯವ್ವಾ, ಕೂಸು ತೊಡಿ ಮ್ಯಾಲೈತಿ, ದೀಪ ಮುಂದೈತಿ. ಅಂಥಾ ಮಾತು ಮನ್ಯಾಗ ಯಾಕ ನಿಲ್ಲಬೇಕು? ಹೋಗ್ಲಿ ಅತ್ಲಾಗ."

"ಎಲ್ಲಾರೂ ಹಿಂಗ ಮಾಡ್ತೀರೇನು?"

"ಮತ್ತ? ಓಣಿ ತುಂಬ ಕೇಳು. 'ಗೊತ್ತು' ಒತ್ತಿದ್ರ ಚಲೋ, ತಿಂಗಳಾನುಗಟ್ಲೆ ಬರಂಗಿಲ್ಲ."

ಅಂಥ ಮಾತು ಇಪ್ಪತ್ತಮೂರು ಇದ್ದವು. ಸತ್ತ, ಬೆಂಕಿ ಬಿತ್ತು, ಛಾವಣಿ ಕುಸಿಯಿತು, ಕೊಲ್ಲು, ಹೆಣ, ಉಸಿರು ನಿಂತಿತು, ಹೀಗೆ. ಆದೆಮ್ಮ ಅವುಗಳ ಪಾಳಿ ಬಂದಾಗ ಹಲಗೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಹೇಳುತ್ತಿದ್ದಳು. ದೀಪಕ್ಕೆ ದೀಪದ ಮರ್ಯಾದೆ, ಮಾತಿಗೆ ಮಾತಿನ ಮರ್ಯಾದೆ. ಹೇಳಿದ ಮೇಲೂ 'ಗೊತ್ತು' ಒತ್ತುತ್ತಿರಲಿಲ್ಲ. 'ಮತ್ತೆ ಕೇಳು' ಒತ್ತುತ್ತಿದ್ದಳು. ಹಾಗಾಗಿ ಇಪ್ಪತ್ತಮೂರೂ ಮಾತು ಅವಳ ಹಿತ್ತಲಿಗೆ ದಿನಾ ಬರುತ್ತಿದ್ದವು, ಮೇವು ತಿನ್ನಲು ಬರುವ ಕುರಿಗಳ ಹಾಗೆ.

ಅದಕ್ಕೆ ಕಾರಣವಿತ್ತು. ಬಿಲ್ಲೆ ಕೋಣೆಗೆ ಸೇರಿದ ಎರಡನೇ ವರ್ಷ ಲಾಲಬಿಯ ಗಂಡನ ಬಿಲ್ಲೆ ಉಳಿಯಿತು. ಆದೆಮ್ಮ ಅವಳ ಬಾಗಿಲಿಗೆ ಹೋದಳು. ಬಾಯಿ ಬರಲಿಲ್ಲ. "ಇವತ್ತು ತಡ ಆಗ್ತೈತಿ," ಎಂದು ಬಂದುಬಿಟ್ಟಳು. ಲಾಲಬಿ ಎರಡು ದಿನ ರೊಟ್ಟಿ ಬಿಸಿ ಮಾಡಿ, ಮುಚ್ಚಿಟ್ಟು, ಮತ್ತೆ ಬಿಸಿ ಮಾಡಿದಳು. ಮೂರನೇ ದಿನ ಹಾಲಿನವನ ಬಾಯಿಂದ ಕೇಳಿದಳು. ಒಂಬತ್ತು ವರ್ಷ ಅವಳು ಆದೆಮ್ಮನ ಜೊತೆ ಮಾತಾಡಲಿಲ್ಲ. ಆಮೇಲೆ ಹೋದ ಹನ್ನೊಂದು ಬಾಗಿಲಲ್ಲೂ ಆದೆಮ್ಮ ನೇರ ಮಾತಿನಲ್ಲೇ ಹೇಳಿದ್ದಳು.

ಯಂತ್ರಕ್ಕೆ ಇದೇನು ಗೊತ್ತು? 'ಮತ್ತೆ ಕೇಳು' ಹೆಚ್ಚು ಒತ್ತಿದವರ ಹೆಸರನ್ನು ಅದು ತಿಂಗಳಿಗೊಮ್ಮೆ ಪಟ್ಟಿ ಮಾಡುತ್ತಿತ್ತು. ಪಟ್ಟಿ ಗಣಿಯ ಗೇಟಿಗೆ ಅಂಟುತ್ತಿತ್ತು. ಊರವರು ಅದನ್ನು ಮರೆವಿನ ಪಟ್ಟಿ ಎಂದರು.

"ಆದೆಮ್ಮಾ, ಈ ತಿಂಗಳೂ ನೀನ ಫಸ್ಟು!" ಎಂದು ಗೇಟಿನ ಕಾವಲುಗಾರ ಗದ್ದೆಪ್ಪ ಕೂಗುತ್ತಿದ್ದ.

"ಯಾವುದರಾಗರ ಬಂದೆನಲ್ಲ ತಮ್ಮಾ. ಸಾಲ್ಯಾಗಂತೂ ಬರಲಿಲ್ಲ."

ನಗುತ್ತಿದ್ದಳು, ಖರೆ. ಆದರೆ ಒಳಗೆ ಒಂದು ಮುಳ್ಳು ಇತ್ತು. ಕೇಳುಗಾರ್ತಿ ಆಗಬೇಕು ಎಂದು ಅವಳು ಒಮ್ಮೆ ಅರ್ಜಿ ಕೊಟ್ಟಿದ್ದಳು. ನಿಯಂತ್ರಣ ಕೋಣೆಯ ಮುಖ್ಯಸ್ಥ ಹೆಬ್ಬಳ್ಳಿ ಸಾಹೇಬರು ಪಟ್ಟಿ ತೋರಿಸಿ, "ವಯಸ್ಸಾಯ್ತಲ್ಲ ಅಮ್ಮ, ಮನೆಯಲ್ಲಿ ಆರಾಮಾಗಿರಿ," ಎಂದಿದ್ದರು. ಅವಳು ಎದುರಾಡಲಿಲ್ಲ. ಎದುರಾಡಿ ಗೆಲ್ಲುವ ಮಾತಲ್ಲ ಅದು.

ಮೂರನೇ ವರ್ಷದ ಆಷಾಢ. ಬೆಳಗಿನ ಹತ್ತೂವರೆ. ಆದೆಮ್ಮ ಎಂದಿನ ಹಾಗೆ ಮಗಳಿಗೆ ಬುತ್ತಿ ತಂದು ನಿಯಂತ್ರಣ ಕೋಣೆಯ ಕಿಟಕಿಯ ಹೊರಗೆ ನಿಂತಿದ್ದಳು. ಕಾಲ ಕೆಳಗಿನ ನೆಲ ಒಮ್ಮೆ ಮೈ ಕೊಡವಿತು. ಒಳಗಿನ ಪರದೆಗಳೆಲ್ಲ ಒಟ್ಟಿಗೇ ಕಪ್ಪಾದವು.

ಕೇಬಲ್ಲು ಹರಿದಿತ್ತು. ಸರಳಿನ ನಾದ ಕೇಳಿ ಅರ್ಥ ಹೇಳುವ ಯಂತ್ರವೂ ಒಂದಿತ್ತು. ಅದು ನಡೆಯುತ್ತಿದ್ದುದು ಕೆಳಗಿನಿಂದ ಬರುವ ಕರೆಂಟಿನಿಂದಲೇ. ಮಾತುಗಳ ಪೂರ್ತಿ ಪಟ್ಟಿ ಇದ್ದದ್ದೂ ಅದರ ಹೊಟ್ಟೆಯಲ್ಲೇ; ಹಲಗೆಗಳಿಗೆ ಮಾತು ಬರುತ್ತಿದ್ದುದೂ ಅಲ್ಲಿಂದಲೇ. ಪುಸ್ತಕ ಕೈಯಲ್ಲಿದ್ದರೆ ಜನ ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಪುಸ್ತಕ ಅಚ್ಚು ಮಾಡಿಸಿರಲಿಲ್ಲ. ಡೀಸೆಲ್ ಯಂತ್ರ ಶುರುವಾಗಿ ಎಲ್ಲ ಮತ್ತೆ ಬೆಳಗಲು ನಲವತ್ತು ನಿಮಿಷ. ಕೇಬಲ್ಲು ಹೋದರೆ ಹದಿನೈದು ನಿಮಿಷದೊಳಗೆ ದೊಡ್ಡ ಫ್ಯಾನು ಹಾಕಿ ಕೆಳಗೆ ಗಾಳಿ ನೂಕಬೇಕು ಎಂಬುದು ಕಾನೂನು. ಫ್ಯಾನಿಗೆ ತನ್ನದೇ ಎಂಜಿನ್ನು ಇತ್ತು.

ಆಗ ಸರಳು ನುಡಿಯಿತು.

ಆರೂ ಮಂದಿ ಕೇಳುಗಾರರು ಸರಳಿನ ಕಡೆ ಬಾಗಿದರು. ಸರಳಿನ ತುದಿಗೆ ಜೋಡಿಸಿದ ಬೇವಿನ ದಿಮ್ಮಿ ಗುನುಗಿತು. ಒಂದೇ ಸಂದೇಶ, ಮೂರು ಸಲ.

ಪಂಪಮ್ಮ ಬರೆದುಕೊಂಡಳು. ಅವಳ ಕೈ ನಿಂತಿತು. "ಗಾಳಿ ಅಂತೈತಿ ಸರ್. ನಾಲ್ಕು ಅಂತೈತಿ. ಬಲಗಡೆ ಕೋಣಿ. ಒಂದು. ಅಲ್ಲಲ್ಲಿ ಇನ್ನ ಮೂರು ಮಾತು..." ಬೇರೆ ಐವರ ಕಡೆ ನೋಡಿದಳು. ಅವರು ಅವಳ ಕಡೆ ನೋಡಿದರು. "ಆ ಮೂರು ಯಾವ್ಯಾವು ಅಂತ ಯಾರಿಗೂ ಹತ್ತವಲ್ತು ಸರ್."

"ಗಾಳಿ ಕೇಳ್ತಿದ್ದಾರೆ, ಅಷ್ಟೇ," ಎಂದರು ಹೆಬ್ಬಳ್ಳಿ ಸಾಹೇಬರು. ಅವರ ಕೈ ಫ್ಯಾನಿನ ಗುಂಡಿಯ ಮೇಲೆ ಇತ್ತು. "ನಾಲ್ಕು ಜನ ಬಲಗಡೆ ಕೋಣೆಯಲ್ಲಿದ್ದಾರೆ, ಗಾಳಿ ಬೇಕು. ಫ್ಯಾನ್ ಹಾಕ್ತೀನಿ."

"ಸಾಹೇಬ್ರ, ಕೈ ತೆಗೀರಿ."

ಎಲ್ಲರೂ ತಿರುಗಿದರು. ಆದೆಮ್ಮ ಬುತ್ತಿಯ ಗಂಟನ್ನು ಸೊಂಟಕ್ಕೆ ಅವಚಿಕೊಂಡು ಒಳಗೇ ಬಂದಿದ್ದಳು.

"ಮೊದಲನೇ ಮಾತು ಬೆಂಕಿ ಬಿದ್ದೈತಿ ಅಂತ. ಗಾಳಿ ಆದ ಮ್ಯಾಲೆ ಬಂದದ್ದು ಬೋ-ನೇ, ಕೊಲ್ಲು ಅಂತ. ಗಾಳಿ ಕೊಲ್ಲು ಅನ್ನಾಕತ್ತಾರ, ಅಂದ್ರ ಗಾಳಿ ಬಿಡಬ್ಯಾಡ್ರಿ ಅಂತ. ನಾಲ್ಕು ಮಂದಿ ಬಲಗಡೆ ಕೋಣ್ಯಾಗ ಅದಾರ." ಅವಳು ಮಗಳ ಕಡೆ ನೋಡಿದಳು. "ಕಡೀ ಮಾತು ಗೂ-ಮೂ. ಒಬ್ಬ ಸತ್ತಾನ."

ಕೆಳಗಿನ ಐವರಲ್ಲಿ ಪಂಪಮ್ಮನ ಗಂಡನೂ ಇದ್ದ.

"ಮರೆವಿನ ಪಟ್ಟಿಯಲ್ಲಿ ಮೊದಲನೆಯವರು ನೀವು!" ಎಂದರು ಸಾಹೇಬರು. "ನಿಮ್ಮ ಮಾತು ನಂಬಿ ಗಾಳಿ ಕೊಡದಿದ್ದರೆ, ಆ ನಾಲ್ವರೂ ಉಸಿರು ಕಟ್ಟಿ..."

"ಉಸಿರು ಕಟ್ಟಿ ಏನ್ರಿ? ಮಾತು ಮುಗಸ್ರಿ ಸಾಹೇಬ್ರ."

ಸಾಹೇಬರಿಗೂ ಆ ಮಾತು ಬಾಯಿಂದ ಹೊರಬರಲಿಲ್ಲ.

"ನನ್ನ ಮಾತು ನಂಬಬ್ಯಾಡ್ರಿ," ಎಂದಳು ಆದೆಮ್ಮ, ಮೆಲ್ಲಗೆ. "ಕೆಳಗಿನವರನ್ನ ಕೇಳ್ರಿ. ಗಾಳಿ ಕೊಡಲೇನು ಅಂತ ಕೇಳಿದ್ರ ಆತಲ್ಲ? ಆ ಮಾತು ಎಲ್ಲಾರಿಗೂ ಬರ್ತೈತಿ."

ಅಷ್ಟು ಸಣ್ಣ ದಾರಿ ಯಾರಿಗೂ ಹೊಳೆದಿರಲಿಲ್ಲ. ಗಾಬರಿ ಎಂಬುದೇ ಹಾಗೆ, ಮುಂದಿನ ಬಾಗಿಲು ಬಿಟ್ಟು ಗೋಡೆ ತಡವಿಸುತ್ತದೆ. ಯಾರ ಅಪ್ಪಣೆಗೂ ಕಾಯದೆ ಆದೆಮ್ಮ ಸರಳಿನ ಮುಂದೆ ಕೂತಳು. ಉಕ್ಕಿನ ನಾಲಿಗೆ ಅವಳು ಮುಟ್ಟಿದ್ದು ಅದೇ ಮೊದಲು. ಮೀಟಿದಳು: ಗಾಳಿ. ಕೊಡಲೇ.

ಮೇಲಿನ ನಾದ ತಳ ಮುಟ್ಟಿ, ಅಲ್ಲಿ ಕೈ ಎದ್ದು, ಉತ್ತರ ಬರಲು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯಿತು. ಆಮೇಲೆ ದಿಮ್ಮಿ ಗುನುಗಿತು.

ಡೀ. ಡೀ. ಡೀ. ಡೀ.

ಬೇಡ, ಬೇಡ, ಬೇಡ, ಬೇಡ. ಅದು ಮೂರು ವರ್ಷದ ಮಕ್ಕಳಿಗೂ ಗೊತ್ತಿದ್ದ ಮಾತು. ಹೆಬ್ಬಳ್ಳಿ ಸಾಹೇಬರು ಗುಂಡಿಯ ಮೇಲಿನ ಕೈಯನ್ನು ಬೆಂಕಿ ಮುಟ್ಟಿದವರ ಹಾಗೆ ಹಿಂದೆಳೆದರು. ಆ ಫ್ಯಾನು ತಿರುಗಿದ್ದರೆ ಕೆಳಗಿನ ಉರಿ ಗಾಳಿ ಕುಡಿದು ಬಲಗಡೆ ಕೋಣೆಗೇ ನುಗ್ಗುತ್ತಿತ್ತು.

ಯಂತ್ರಗಳು ಬೆಳಗುವ ತನಕ ಆದೆಮ್ಮ ಎದ್ದೇಳಲಿಲ್ಲ. ಯಾವ ಬಾಗಿಲು ಮುಚ್ಚಬೇಕು, ಎಲ್ಲಿ ಛಾವಣಿ ಕುಸಿದಿದೆ, ಹೊಗೆ ಯಾವ ಕಡೆಗೆ ತಿರುಗಿದೆ, ಒಂದೊಂದನ್ನೂ ಕೇಳಿ ಹೇಳಿದಳು. ಪಂಪಮ್ಮ ಬರೆದಳು. ಮಾತಿನ ನಡುವೆ ಒಮ್ಮೆ ಮಗಳ ಲೇಖನಿ ನಿಂತಿತು.

"ಯವ್ವಾ. ಯಾರು ಅಂತ ಕೇಳು."

ಆದೆಮ್ಮ ಕೇಳಿದಳು. ಕೆಳಗಿನ ಪ್ರತಿಯೊಬ್ಬರಿಗೂ ಎರಡು ನಾದದ ಹೆಸರಿತ್ತು. ಬಂದ ಹೆಸರು ಮೌನೇಶನದಲ್ಲ. ಬೋ-ಲಾ. ಜಾಂಬಿಯಾ ದೇಶದ ತಾಮ್ರದ ಗಣಿಯಿಂದ ಬಂದಿದ್ದ ಮ್ವಾಂಬಾ. ಅವರ ಊರಲ್ಲಿ ಹೀಗೇ ಕಬ್ಬಿಣದ ನಾಲಿಗೆ ಮೀಟಿ ಹಾಡು ಹೇಳುತ್ತಾರಂತೆ. ಸರದಿ ಶುರುವಾಗುವ ಮುಂಚೆ ದಿನಾ ಕೆಳಗಿನಿಂದ ಒಂದು ನಮಸ್ಕಾರ ಮೀಟುತ್ತಿದ್ದವನು ಅವನೇ. ಆದೆಮ್ಮನ ಎದೆ ಹಗುರಾಯಿತು. ಹಗುರಾದದ್ದಕ್ಕೆ ಆ ಕ್ಷಣವೇ ಅವಳಿಗೆ ನಾಚಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು ಹೇಳಿದಳು, "ಮ್ವಾಂಬಾ."

ಸಂಜೆ ಐದಕ್ಕೆ ಪಕ್ಕದ ಹಳೆಯ ಗಣಿ ಬಾವಿಯಿಂದ ನಾಲ್ವರು ಮೇಲೆ ಬಂದರು. ಮೌನೇಶನ ಎಡಗೈ ಮುರಿದಿತ್ತು, ಹುಬ್ಬು ಸುಟ್ಟಿತ್ತು. ಅತ್ತೆಯನ್ನು ಕಂಡು, "ಮ್ಯಾಲಿಂದ ಮೀಟಿದ್ದು ಯಾರು? ಹೊಸಾ ಕೈ ಅನಸ್ತು," ಎಂದ.

"ಹೊಸಾದಲ್ಲಪಾ, ಹಳೇ ಕೈ," ಎಂದಳು ಅವಳು. ಅಂದು ಮಾತ್ರ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಇರಲಿ, ಅಷ್ಟು ಅವಳಿಗೆ ಸಲ್ಲಬೇಕಾದದ್ದೇ.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಮ್ವಾಂಬಾನ ಹೆಂಡತಿಗೆ ಫೋನು ಮಾಡುವುದಿತ್ತು. ಅವಳ ಹೆಸರು ಚಾಂದಾ. ಅವಳ ಮಾತು ಇಲ್ಲಿ ಯಾರಿಗೂ ಬಾರದು. ಇಲ್ಲಿಯವರ ಮಾತು ಅವಳಿಗೆ ಬಾರದು. ದುಭಾಷಿ ಯಂತ್ರಕ್ಕೆ ಕೊಡಲೆಂದು ಸಾಹೇಬರು ಒಂದು ಕಾಗದ ಬರೆದಿದ್ದರು. ಅದರಲ್ಲಿ 'ದುರದೃಷ್ಟವಶಾತ್' ಇತ್ತು, 'ಅಗಲಿದರು' ಇತ್ತು, 'ಚಿರಋಣಿ' ಇತ್ತು.

"ಆಕಿಗೆ ಉಕ್ಕುಮಾತು ಬರ್ತೈತೇನು?" ಎಂದು ಆದೆಮ್ಮ ಕೇಳಿದಳು.

ತಸ್ನೀಮ್ ಮೇಡಂ ಹಲಗೆಗಳ ದಾಖಲೆ ತೆಗೆದು ನೋಡಿದರು. ಬರುತ್ತಿತ್ತು. ಗಂಡ ರಜೆಗೆ ಹೋದಾಗ ಒಂದು ಹಲಗೆ ಅವಳಿಗೆ ಕೊಟ್ಟು ಬಂದಿದ್ದ. ಒಂಬೈನೂರ ಹನ್ನೆರಡೂ ಮಾತು ಓದಿದ್ದಳು, ಒಂದನ್ನೂ ತಳ್ಳದೆ.

"ಹಂಗಾದ್ರ ಫೋನು ನನಗ ಕೊಡ್ರಿ."

ಫೋನಿನಲ್ಲಿ ಆದೆಮ್ಮ ತನ್ನ ಹೆಸರು ಹೇಳಿದಳು. ಕೆಂಗಲ್ಲಹಟ್ಟಿ ಎಂದಳು. ಆಮೇಲೆ ಎಂಟು ನಾದದಲ್ಲಿ, ಬಾಯಿಂದಲೇ, ನಿಧಾನ: ಬೋ-ಲಾ ಸತ್ತ. ಛಾವಣಿ ಕುಸಿಯಿತು.

ಆ ಕಡೆ ಎಲ್ಲೋ ಒಂದು ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಚಾಂದಾ ಕೇಳಿದಳು: ಬೆಂಕಿಯೇ?

ಅಲ್ಲ. ಕಲ್ಲು. ಬೆಂಕಿಗೆ ಮೊದಲೇ.

ನೋವು?

ಗೊತ್ತಿಲ್ಲ, ಎಂದಳು ಆದೆಮ್ಮ. ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಕೇಳಿಸಿತು, ಎಂದಳು ಚಾಂದಾ. ಅಳು ಆಮೇಲೆ ಬಂತು. ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಆದೆಮ್ಮ ಫೋನು ಇಡದೆ ಅದು ಮುಗಿಯುವ ತನಕ ಕೂತಳು.

ತಸ್ನೀಮ್ ಮೇಡಂ ಮೂರು ದಿನ ದಾಖಲೆಗಳ ಮುಂದೆ ಕೂತರು. ನಾಲ್ಕನೇ ದಿನ ಆದೆಮ್ಮನ ಮನೆಗೆ ಬಂದು ಚಾಪೆಯ ಮೇಲೆ ಕುಳಿತರು. "ಇಡೀ ಊರು ಆ ಇಪ್ಪತ್ತಮೂರು ಮಾತಿಗೆ ಅರ್ಧ ಸೆಕೆಂಡಿನಾಗ 'ಗೊತ್ತು' ಒತ್ತಿದ್ದಾರ. ಅಷ್ಟರಾಗ ಓದಾಕೂ ಆಗಂಗಿಲ್ಲ. ಬೇಗ ಬಂತಂದ್ರ ಚಲೋ ಗೊತ್ತದ ಅಂತ ನನ್ನ ಯಂತ್ರ ತಿಳಕೊಂತು. ನಾಲ್ಕು ವರ್ಷ ಮುಂದಕ್ಕ ಹಾಕಿಬಿಡ್ತು. ಯಾಕ ಹಿಂಗ ಮಾಡಿದ್ರಮ್ಮಾ?"

"ನಮ್ಮ ಮನ್ಯಾಗೂ ಹಂಗ," ಎಂದಳು ಪಂಪಮ್ಮ, ತಲೆ ತಗ್ಗಿಸಿ. "ಕೇಳುಗಾರ್ತಿ ಆಗಿ ನಾನೂ ಹಂಗ ಮಾಡೀನಿ, ಮೇಡಂ."

ಆದೆಮ್ಮ ದೀಪದ ಹೊತ್ತಿನ ಸಂಗತಿ ತಿಳಿಸಿ ಹೇಳಿದಳು. ಮೇಡಂ ಹಣೆಗೆ ಕೈ ಹಚ್ಚಿದರು. "ನಮ್ಮ ಮನ್ಯಾಗೂ ಸಂಜಿ ಮಗ್ರಿಬ್ ನಮಾಜಿನ ಹೊತ್ತಿಗೆ ನಮ್ಮ ಅಮ್ಮಿ ಕೆಟ್ಟ ಮಾತು ಆಡಗೊಡಂಗಿಲ್ಲ. ನನಗಾದ್ರೂ ಹೊಳೀಬೇಕಿತ್ತು."

"ಹುಡುಗಿನ್ನ ಬೈಬ್ಯಾಡ್ರಿ, ನಿಮ್ಮನ್ನ ನೀವೂ ಬೈಕೋಬ್ಯಾಡ್ರಿ," ಎಂದಳು ಆದೆಮ್ಮ. "ಹೊತ್ತು ಬದಲಿ ಮಾಡ್ರಿ. ಮುಂಜಾನಿ ಹನ್ನೊಂದಕ್ಕ ಇಡ್ರಿ. ಬಿಸಲಾಗ ಯಾವ ಮಾತಿಗೂ ಯಾರೂ ಅಂಜಂಗಿಲ್ಲ."

ಹೊತ್ತು ಬದಲಾಯಿತು. ಏಳು ಗಣಿಗಳಲ್ಲೂ ಪುಸ್ತಕ ಅಚ್ಚಾಯಿತು. ಹೆಬ್ಬಳ್ಳಿ ಸಾಹೇಬರು ತಾವೇ ಗೇಟಿಗೆ ಬಂದು ಮರೆವಿನ ಪಟ್ಟಿ ಕಿತ್ತರು; ಆದೆಮ್ಮನಿಗೆ ಹಿರಿಯ ಕೇಳುಗಾರ್ತಿ ಎಂದು ಕಾಗದ ಕೊಟ್ಟರು. ಗದ್ದೆಪ್ಪ ಸಲಾಮು ಹೊಡೆದ. "ನಾ ಅವತ್ತ ಹೇಳಿದ್ದಿಲ್ಲೇನು, ನೀನ ಫಸ್ಟು ಅಂತ?" ಎಂದ. ಕಾಗದ ಓದಲು ಆದೆಮ್ಮನಿಗೆ ಹೊತ್ತು ಹಿಡಿಯಿತು. ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದಳು, ಯಾರಿಂದಲೂ ಓದಿಸಲಿಲ್ಲ.

ಬಿದ್ದ ಕಲ್ಲು ಸರಿಸಿ ಮ್ವಾಂಬಾನನ್ನು ಮೇಲೆ ತರಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಶ್ರಾವಣ ಹುಟ್ಟಿತ್ತು. ಹೈದರಾಬಾದಿನ ವಿಮಾನಕ್ಕೆ ಒಯ್ಯುವ ಗಾಡಿ ಗೇಟಿನ ಮುಂದೆ ನಿಂತಾಗ ಊರಿನ ಹೆಂಗಸರು ಮಕ್ಕಳ ಸಮೇತ ರಸ್ತೆಯ ಎರಡೂ ಬದಿಗೆ ಬಂದಿದ್ದರು. ಸಾವಿನ ಮಾತು ಬಂದಾಗಲೂ ಯಾರೂ ಕೂಸುಗಳ ಕಿವಿ ಮುಚ್ಚಲಿಲ್ಲ. ಮೌನೇಶ ಮುರಿದ ಕೈಯನ್ನು ಜೋಳಿಗೆಗೆ ಹಾಕಿಕೊಂಡು ಪೆಟ್ಟಿಗೆಯ ಪಕ್ಕ ಕೂತ. ಚಾಂದಾಳ ಮನೆಯ ತನಕ ಅವನೇ ಹೋಗುವುದೆಂದು ಆಗಿತ್ತು. ಹೀಗೆ ಮ್ವಾಂಬಾ ಕೆಂಗಲ್ಲಹಟ್ಟಿ ಬಿಟ್ಟು ಹೋದದ್ದು ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ.